ಸಡಿಲ ಬಿಟ್ಟ ಪಟ್ಟಿ

ಏಳು ವರ್ಷ ಬರೀ ರಬ್ಬರ್ ಎಳೆಯುತ್ತ ಕೂತ ಹೆಂಗಸಿಗೆ ಜನ ಇನ್ನೇನು ಹೆಸರಿಟ್ಟಾರು? ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ರಬ್ಬರಕ್ಕ. ಸಮುದ್ರದ ಅಲೆಯಿಂದ ಕರೆಂಟು ತೆಗೆಯಲು ಅಲ್ಲೊಂದು ಚೀಲ ತಯಾರಾಗಿತ್ತು. ಕೋಣೆಯಷ್ಟು ದೊಡ್ಡದು, ಪೂರ್ತಿ ರಬ್ಬರಿನದು. ಅಲೆ ಬಂದಾಗ ಅದು ಉಬ್ಬಬೇಕು, ಹೋದಾಗ ಕುಗ್ಗಬೇಕು, ವರ್ಷಗಟ್ಟಲೆ ಹರಿಯಬಾರದು. ಅದೇ ರಬ್ಬರಿನ ಪಟ್ಟಿಗಳನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದೆಳೆದು ನೋಡಿ, ಹರಿಯುವುದಿಲ್ಲ ಎಂದು ಬರೆದು ಸಹಿ ಹಾಕಿದವಳು ಅವಳೇ.

ಮಾರನೆಯ ದಿನ ಚೀಲ ನೀರಿಗಿಳಿಯಬೇಕಿತ್ತು. ಅದರ ಅಡಿಗೆ ಮುಳುಗಿ ಕೊಳವೆ ಬಿಗಿಯುವ ಕೆಲಸ ಅವಳ ತಮ್ಮನದು. ಎರಡು ವರ್ಷ ಕಾದು ಗಿಟ್ಟಿಸಿಕೊಂಡ ಕೆಲಸ ಅದು. ಬೆಳಿಗ್ಗೆ ಅಂಗಳದಲ್ಲಿ ಅವನೇ ಗಾಳಿ ಬಿಟ್ಟು ಚೀಲ ಮಡಚುತ್ತಿದ್ದ.

"ಅಕ್ಕಾ, ನಿನ್ನ ಆನೆ ನೋಡು. ಗಾಳಿ ಹೋದ್ರೆ ಸೋತು ಸುಣ್ಣ ಆಗುತ್ತೆ."

ಅವಳು ನೋಡಿದಳು. ರಬ್ಬರು ಪೂರ್ತಿ ಸಡಿಲವಾಗಿ ನೆರಿಗೆ ಬಿದ್ದಿತ್ತು. ಏಳು ವರ್ಷದಲ್ಲಿ ಅವಳ ಯಂತ್ರದಲ್ಲಿ ಒಂದೇ ಒಂದು ಪಟ್ಟಿಯೂ ಹೀಗೆ ಪೂರ್ತಿ ಸಡಿಲವಾಗಿರಲಿಲ್ಲ. ಸಡಿಲ ಬಿಟ್ಟರೆ ಪಟ್ಟಿ ಹಿಡಿಕೆಯಿಂದ ಜಾರಿಬಿಡುತ್ತದೆಂದು ಯಾವಾಗಲೂ ಚೂರು ಬಿಗಿಯಾಗಿಯೇ ಇಡುವುದು ಅಲ್ಲಿನ ರೂಢಿ. ಬಿಗಿ ಉಳಿಸಿಕೊಂಡ ರಬ್ಬರ್ ಹೆಚ್ಚು ಬಾಳುತ್ತದೆ. ಈ ಚೀಲದಂತೆ ಪ್ರತಿ ಅಲೆಗೂ ಪೂರ್ತಿ ಸೋತು, ಮತ್ತೆ ಎಳೆಸಿಕೊಳ್ಳುವ ರಬ್ಬರ್ ಎಷ್ಟು ಬಾಳುತ್ತದೆಂದು ಯಾರೂ ನೋಡಿರಲಿಲ್ಲ.

ಆ ರೂಢಿ ಕಲಿಸಿದವರು ಪ್ರಯೋಗಾಲಯದ ಹಿರಿಯರಾದ ಮೇಷ್ಟ್ರು. ಇಪ್ಪತ್ತೆರಡು ವರ್ಷ ಈ ಚೀಲಕ್ಕೇ ತಲೆ ಕೊಟ್ಟವರು, ಮುಂದಿನ ತಿಂಗಳು ನಿವೃತ್ತರಾಗುವವರು. ಈ ಸಲ ಬಿಟ್ಟರೆ ಸಮುದ್ರ ಮತ್ತೆ ಶಾಂತವಾಗುವುದಕ್ಕೆ ಎಂಟು ತಿಂಗಳು ಬೇಕು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮೆಟ್ಟಿಲು ಹತ್ತುವಾಗ ಅವಳ ಮನಸ್ಸು ಒಮ್ಮೆ ಅಂದಿತು. ಆ ಮಾತಿಗೆ ಅವಳಿಗೇ ನಾಚಿಕೆಯಾಯಿತು.

"ಮೇಷ್ಟ್ರೇ, ನಾವು ಪಟ್ಟೀನ ಯಾವತ್ತೂ ಪೂರ್ತಿ ಬಿಟ್ಟು ನೋಡಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಹೇಳ್ಕೊಟ್ಟವನು ನಾನೇ ಅಲ್ವೇನಮ್ಮಾ," ಎಂದರು. ಹೊಸ ಪಟ್ಟಿ ಕತ್ತರಿಸಿ ತಂದು, ಜಾರದಂತೆ ಎರಡೂ ತುದಿಗೆ ಗೋಂದು ಹಚ್ಚಿ, ತಾವೇ ತಿರುಪು ತಿರುಗಿಸಿ ಸಡಿಲ ಬಿಟ್ಟರು.

ಯಂತ್ರ ಸೆಕೆಂಡಿಗೆ ಮೂರು ಸಲ ಎಳೆಯಿತು, ಬಿಟ್ಟಿತು. ಇಬ್ಬರೂ ಊಟಕ್ಕೆ ಏಳಲಿಲ್ಲ. ಹರಿಯದಿರಲಿ ಎಂದು ಅವಳು ಬೇಡಿಕೊಂಡಳು. ಅವರೂ ಅದನ್ನೇ ಬೇಡಿಕೊಂಡಿರಬೇಕು. ಕೋಟಿ ಸಲ ತಾಳಬೇಕಿದ್ದ ಪಟ್ಟಿ ನಾಲ್ಕನೆಯ ಗಂಟೆ ತುಂಬುವಾಗ ಪಟ್ಟೆಂದು ಎರಡಾಯಿತು.

ಮೇಷ್ಟ್ರು ತುಂಡುಗಳನ್ನು ಅಂಗೈಲಿಟ್ಟುಕೊಂಡು ನೋಡಿದರು. ಆಮೇಲೆ ಫೋನೆತ್ತಿ ದೋಣಿಯವನಿಗೆ, "ನಾಳೆ ಬೇಡಪ್ಪಾ," ಎಂದರು. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಸುದ್ದಿ ಕೇಳಿ ತಮ್ಮ ಮುಖ ಊದಿಸಿಕೊಂಡು ಬಂದ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ದೆ ಅಕ್ಕಾ. ಎಷ್ಟು ಸಲಕ್ಕೆ ಹರೀತು?"

"ನಲವತ್ತಮೂರು ಸಾವಿರದ ಇನ್ನೂರು."

ಅಲೆಗಳ ನಡುವಿನ ಹೊತ್ತು ಅವನಿಗೆ ಬಾಯಿಪಾಠ. ಆರು ಸೆಕೆಂಡಿಗೊಂದು. ಅವನು ಬೆರಳು ಮಡಿಸುತ್ತ ಲೆಕ್ಕ ಹಾಕಿದ. ಅವಳು ನೆಲ ನೋಡುತ್ತ ಕೂತಿದ್ದಳು. ಪಟ್ಟಿ ಹರಿದ ಗಳಿಗೆಯಲ್ಲೇ ಅವಳು ಆ ಲೆಕ್ಕ ಮಾಡಿ ಮುಗಿಸಿದ್ದಳು.

"ಮೂರು ದಿನ," ಎಂದ ತಮ್ಮ. ಗೋಡೆಯ ಮೇಲಿದ್ದ ಕೆಲಸದ ವೇಳಾಪಟ್ಟಿಯತ್ತ ತಿರುಗಿದ. ಅವನು ಚೀಲದ ಅಡಿಗೆ ಇಳಿಯುವುದು ಅದು ನೀರಿಗಿಳಿದ ನಾಲ್ಕನೆಯ ದಿನ ಎಂದು ಅದರಲ್ಲಿ ಬರೆದಿತ್ತು, ಅಕ್ಕನದೇ ಅಕ್ಷರದಲ್ಲಿ.

 ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ. ಮೇಷ್ಟ್ರು ಆಗಲೇ ಎರಡನೆಯ ಪಟ್ಟಿ ಕತ್ತರಿಸುತ್ತಿದ್ದರು.