ಕಿತ್ತ ಗಾಜು

ಗಾಜಿನ ಚೂರು ಮೈಯೊಳಗೆ ಉಳಿದರೆ ರಕ್ತದ ಜೊತೆ ಹರಿದು ಎದೆಗೆ ಹೋಗುತ್ತದೆ ಎನ್ನುವುದು ನಮ್ಮ ಅಂಗಡಿಯ ವೇದವಾಕ್ಯ. ಕನ್ನಡಿ ಕತ್ತರಿಸುವವರಿಗೆ ಚೂರು ಚುಚ್ಚದ ದಿನವೇ ಇಲ್ಲ. ಚುಚ್ಚಿದ ಕೂಡಲೇ ಎಲ್ಲರೂ ನನ್ನ ಅಣ್ಣನ ಮುಂದೆ ಕೈ ಚಾಚುತ್ತಾರೆ. ಅಂಗಡಿ ಅವನದು, ಚಿಮಟವೂ ಅವನದು. ‘ಅಯ್ಯೋ’ ಅನ್ನುವಷ್ಟರಲ್ಲಿ ಚೂರು ಹೊರಗೆ. ಅದರ ಜಂಭ ಬೇರೆ ಅವನಿಗೆ!

ಆವತ್ತು ಬೆಳಿಗ್ಗೆ ನನ್ನ ಗಂಡ ಆಳೆತ್ತರದ ಕನ್ನಡಿಯೊಂದನ್ನು ಮೇಜಿನಿಂದ ಎತ್ತುವಾಗ ಅದು ನಡುವೆ ಮುರಿಯಿತು. ಅಂಗೈಯುದ್ದದ ಚೂರು ತೊಡೆಯ ಒಳಬದಿಗೆ ನೆಟ್ಟಿತು. ಅಂಚು ಉಜ್ಜುತ್ತಿದ್ದ ನಾನು ಉಜ್ಜುಗಲ್ಲು ಬಿಸಾಕಿ ಓಡಿದೆ. ನೋಡಿದರೆ ರಕ್ತ ಅಷ್ಟೇನೂ ಇಲ್ಲ. ಅವರು ಗೋಡೆಗೆ ಒರಗಿ ಕೂತು ನಗುತ್ತಲೂ ಇದ್ದರು.

“ಭಾವ, ಇದಕ್ಕೆ ಚಿಮಟ ಸಾಕಾಗಲ್ಲ, ಇಕ್ಕಳನೇ ತನ್ನಿ!” ಎಂದರು ಅಣ್ಣನಿಗೆ.

“ಯಾರೂ ಮುಟ್ಟಬೇಡಿ,” ಎಂದೆ ನಾನು. “ಅದು ಹಾಗೇ ಇರಲಿ, ಆಸ್ಪತ್ರೆಯವರು ಕೀಳ್ತಾರೆ. ಮೊದಲು ಗಾಡಿ ತರಿಸಿ.”

“ಅಲ್ಲಿಗೆ ಹೋಗೋಷ್ಟರಲ್ಲಿ ಅದು ಒಳಗೆ ಹೊರಟಿರುತ್ತೆ. ನೀನು ಸ್ವಲ್ಪ ಸುಮ್ನಿರು ತಾಯಿ,” ಎಂದ ಅಣ್ಣ. “ನಾನು ಇವತ್ತಿನವರೆಗೂ ಎಷ್ಟು ಚೂರು ಕಿತ್ತಿಲ್ಲ!”

ಹಿತ್ತಲ ಗಿಡ ಮದ್ದಲ್ಲ. ತಂಗಿಯ ಮಾತೂ ಅಷ್ಟೆ. ಅವನ ಮಣಿಕಟ್ಟು ಹಿಡಿದೆ, ಕೊಡವಿಕೊಂಡ. ಇಕ್ಕಳದಲ್ಲಿ ಚೂರನ್ನು ಕಚ್ಚಿ ಹಿಡಿದು ಒಂದೇ ಸಲಕ್ಕೆ ಎಳೆದ.

ಆಮೇಲೆ ಬಂದ ರಕ್ತವನ್ನು ಹೇಗೆ ಹೇಳಲಿ? ನಲ್ಲಿ ಕಿತ್ತುಬಂದ ಹಾಗೆ. ಅಣ್ಣ ಟವೆಲ್ ಒತ್ತಿದ. ಒತ್ತಿದವನು ಸುಮ್ಮನೆ ಹಿಡಿದಿರಬಾರದೇ? ನಿಂತಿತೇನೋ ಎಂದು ಮತ್ತೆ ಮತ್ತೆ ಎತ್ತಿ ನೋಡಿದ.

“ಎತ್ತಬೇಡ್ವೋ, ಒತ್ತೋ!” ಎಂದು ಕಿರುಚಿ, ಅವನನ್ನು ದೂಡಿ, ಮೈಭಾರವನ್ನೆಲ್ಲ ಹಾಕಿ ನಾನೇ ಒತ್ತಿದೆ. ಗಾಡಿಯಲ್ಲೂ ಕೈ ತೆಗೆಯಲಿಲ್ಲ. “ಚಳಿ ಆಗ್ತಿದೆ ಕಣೇ,” ಎಂದರು ಅವರು. ಮತ್ತೆ ಮಾತಾಡಲಿಲ್ಲ.

“ಗಾಜು ಯಾರು ತೆಗೆದಿದ್ದು?” ಡಾಕ್ಟರು ಕೇಳಿದ್ದು ಅದನ್ನೇ, ಅವರ ಮುಖಕ್ಕೆ ಬಟ್ಟೆ ಎಳೆದ ಮೇಲೆ. “ದೊಡ್ಡ ರಕ್ತನಾಳ ಕತ್ತರಿಸಿಹೋಗಿದೆಯಮ್ಮ. ಅದಕ್ಕೆ ಆ ಗಾಜೇ ಬಿರಡೆ ಆಗಿತ್ತು. ಅದು ಅಲ್ಲಾಡದ ಹಾಗೆ ಸುತ್ತ ಬಟ್ಟೆ ಇಟ್ಟು ಕಟ್ಟಿ, ಹಾಗೇ ಕರ್ಕೊಂಡು ಬಂದಿದ್ರೆ ಉಳಿಸಿಕೊಳ್ಳಬಹುದಿತ್ತು.”

ಅಣ್ಣನನ್ನು ಹರಿದು ಹಾಕಿಬಿಡುತ್ತೇನೆ ಎಂದುಕೊಂಡೇ ಹೊರಗೆ ಬಂದೆ. ಅವನು ಬಾಗಿಲಲ್ಲೇ ನಿಂತಿದ್ದ. ನನ್ನ ಮುಖ ನೋಡಿದವನಿಗೆ ಅವರು ಹೋದದ್ದು ಗೊತ್ತಾಯಿತು.

“ತಡ ಮಾಡಿಬಿಟ್ಟೆ ಕಣೇ,” ಎಂದು ಬಿಕ್ಕಿದ. “ಇಕ್ಕಳ ಹುಡುಕೋದ್ರಲ್ಲೇ ಹೊತ್ತಾಯ್ತು. ಇನ್ನೂ ಬೇಗ ಕಿತ್ತಿದ್ರೆ ಉಳೀತಿದ್ರೇನೋ.”

ಅಪ್ಪ ಹೋದ ಮೇಲೆ ನನಗೆ ತುತ್ತು ಹಾಕಿ ಸಾಕಿದವನು. ಈ ಮಾತಿಗೆ ಹೂಂ ಅಂದರೆ ಇವನು ಬದುಕಿಕೊಳ್ಳುತ್ತಾನೆ. ಆದರೆ ನಾಳೆ ಅಂಗಡಿಯಲ್ಲಿ ಇನ್ಯಾರದೋ ತೊಡೆಗೋ ಹೊಟ್ಟೆಗೋ ಗಾಜು ನೆಡುತ್ತದೆ. ಆಗ ಇವನು ಇನ್ನೂ ಬೇಗ ಕೀಳುತ್ತಾನೆ. ಇನ್ನೊಬ್ಬಳು ಹೀಗೇ ಹೊರಗೆ ಬರುತ್ತಾಳೆ.

“ಕೀಳಲೇಬಾರದಿತ್ತು ಅಣ್ಣ,” ಎಂದೆ. “ಅದು ಅಲ್ಲಿರೋ ತನಕ ಅವರು ಬದುಕಿದ್ರು.”

ಅವನು ಇಕ್ಕಳ ಹಿಡಿದಿದ್ದ ತನ್ನ ಕೈ ನೋಡಿಕೊಂಡ. “ನೀನು ಬೇಡ ಅಂದಿದ್ದೆ,” ಎಂದ.

ಅಂದಿದ್ದೆ. ಹೇಳಿ ಏನು ಭಾಗ್ಯ ಬಂತು?