ಫೆರ್ನಾಂದಳ ಮಧ್ಯಾಹ್ನದ ಊಟ

ರೋಝೇರ್ ತಿಬೋದೋ ತನ್ನ ಹೆಂಡತಿಗೆ ಊಟ ಮಾಡಿಸುವುದನ್ನು ನಾನು ಒಮ್ಮೆ ಪಕ್ಕದಲ್ಲೇ ಕೂತು ನೋಡಿದ್ದೆ. ಫೆರ್ನಾಂದ್ ನನ್ನ ಗೆಳತಿ. ಅವರ ಮನೆ ನಮ್ಮ ಮನೆಗೆ ಎದುರು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದ ಮೇಲೆ ಅವಳನ್ನು ನದಿ ಪಕ್ಕದ ಆರೈಕೆ ಮನೆಗೆ ಸೇರಿಸಿದ್ದರು. ಗಂಟಲಿನ ಸ್ವಾಧೀನವೂ ಅರ್ಧ ಹೋಗಿತ್ತು. ಬಾಯಿಗೆ ಒಂದು ಚಮಚ ಇಟ್ಟರೆ ನುಂಗಬೇಕೆನ್ನುವುದನ್ನೇ ಅವಳು ಮರೆತುಬಿಡುತ್ತಿದ್ದಳು. ಆಗ ರೋಝೇರ್, ನೂಲಿನ ಗಿರಣಿಯಲ್ಲಿ ದುಡಿದು ಮರಗಟ್ಟಿದ ಬೆರಳಿನಿಂದ ಅವಳ ಗದ್ದ ಸವರಿ, "ನುಂಗು ನನ್ನ ರಾಣಿ, ನಿಮ್ಮಮ್ಮನ ಕೈರುಚಿ ಅಲ್ಲ ಇದು, ಆದ್ರೂ ನುಂಗು" ಎನ್ನುತ್ತಿದ್ದ. ಅವಳಿಗೆ ನಗು ಬರುತ್ತಿತ್ತು. ನಕ್ಕರೆ ಎಲ್ಲಿ ನೆತ್ತಿಗೆ ಹತ್ತೀತೋ ಎಂದು ಅವನೇ ಹೆದರಿ ಸುಮ್ಮನಾಗುತ್ತಿದ್ದ. ಅವಳ ಬಟ್ಟಲು ಖಾಲಿಯಾಗುವಷ್ಟರಲ್ಲಿ ಆಚೆ ಮೇಜಿನವರದು ಊಟ ಮುಗಿದು ಒಂದು ತೂಕಡಿಕೆಯೂ ಆಗಿರುತ್ತಿತ್ತು.

ಮದುವೆ, ತಿಥಿ, ಹಿಮದ ಬಿರುಗಾಳಿ ಏನಿದ್ದರೂ ಅವನು ಮಧ್ಯಾಹ್ನಕ್ಕೆ ಅಲ್ಲಿರುತ್ತಿದ್ದ. ಅಲ್ಲಿನ ಕೆಲಸದ ಹೆಂಗಸರಿಗೂ ಅವನು ಬಂದರೆ ಹಾಯೆನಿಸುತ್ತಿತ್ತು. ಒಬ್ಬೊಬ್ಬರ ಪಾಲಿಗೆ ಅಷ್ಟೊಂದು ಜನ ಮುದುಕರಿರುವಾಗ ಒಬ್ಬಳ ಬಾಯಿಗೆ ಅಷ್ಟು ಹೊತ್ತು ಚಮಚ ಹಿಡಿದು ಕೂರುವುದು ಅವರಿಂದ ಆಗುವ ಮಾತಾಗಿರಲಿಲ್ಲ.

ಮಹಾಮಾರಿ ಬಂದ ವರ್ಷ ಮಾರ್ಚ್ ನಡುವಿನಲ್ಲಿ ಸರ್ಕಾರ ಆರೈಕೆ ಮನೆಗಳ ಬಾಗಿಲು ಹಾಕಿಸಿತು. ಹೊರಗಿನವರು ಯಾರೂ ಒಳಗೆ ಹೋಗಬಾರದು, ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಡಬಾರದು ಎಂದರು. ರೋಗಿಗಳು ನುಗ್ಗಿ ಬಂದಾರು, ಮಂಚ ಖಾಲಿ ಇರಲಿ ಎಂದು ಆಸ್ಪತ್ರೆಗಳಲ್ಲಿದ್ದ ಮುದುಕರನ್ನು ಆರೈಕೆ ಮನೆಗಳಿಗೆ ಸಾಗಿಸಿದರು. ಇಟಲಿಯಲ್ಲಿ ಜನ ಸಾಯುತ್ತಿದ್ದ ಸುದ್ದಿಯನ್ನು ಟಿವಿಯಲ್ಲಿ ನೋಡಿ ಹೆದರಿದ್ದ ನಮಗೆಲ್ಲ ಇದು ಸರಿಯಾಗಿಯೇ ಕಂಡಿತು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಸರ್ಕಾರದವರು ಟಿವಿಯಲ್ಲಿ ಬಂದು ಅಂದಿನ ಸಾವುಗಳ ಲೆಕ್ಕ ಹೇಳುತ್ತಿದ್ದರು, ನಾವು ಮಿಸುಕದೆ ಕೇಳುತ್ತಿದ್ದೆವು. ನಮ್ಮ ಬೀದಿಯ ಮಕ್ಕಳು ಕಾಮನಬಿಲ್ಲಿನ ಚಿತ್ರ ಬರೆದು, ಕೆಳಗೆ 'ಎಲ್ಲ ಸರಿಹೋಗುತ್ತೆ' ಎಂದು ಸೇರಿಸಿ ಕಿಟಕಿಗಳಿಗೆ ಅಂಟಿಸಿದ್ದರು.

ರೋಝೇರ್ ಮಾತ್ರ ಆವತ್ತೂ ಕೋಟು ತೊಟ್ಟು ಹೊರಟ. ಬಾಗಿಲಲ್ಲಿ ಕಾವಲಿಗಿದ್ದವನು ಗೇತಾಂ ಬ್ರಿಸ್ಬ್ವಾ. ಗಿರಣಿಯಲ್ಲಿ ರೋಝೇರನ ಕೈಕೆಳಗೇ ಕೆಲಸ ಕಲಿತವನು. ಗಿರಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಕಾವಲು ಕೆಲಸ ಮಾಡಿಕೊಂಡಿದ್ದ. ಒಳ್ಳೆಯವನು, ಒಂದಿಷ್ಟು ಪುಕ್ಕಲ.

"ದಾರಿ ಬಿಡು ಗೇತಾಂ. ನಾನು ನೋಡ್ಕೊಂಡು ಹೋಗೋಕೆ ಬಂದವನಲ್ಲ, ತಿನ್ನಿಸೋಕೆ ಬಂದವನು."

"ನಂಗೊತ್ತಿಲ್ವಾ ಮಾರಾಯ? ಆದ್ರೆ ಹೊರಗಿನವರು ಯಾರನ್ನೂ ಬಿಡಬೇಡ ಅಂತ ಮೇಲಿಂದ ಹೇಳಿದಾರೆ. ಹೊರಗಿನವರು ಅಂದ್ರೆ ಹೊರಗಿನವರೇ."

"ಐವತ್ತು ವರ್ಷ ಒಂದೇ ಹಾಸಿಗೇಲಿ ಮಲಗಿದೀನಿ ಕಣೋ. ನಾನು ಹೊರಗಿನವನಾ?"

ಗೇತಾಂ ತಲೆ ತಗ್ಗಿಸಿ ನಿಂತನಂತೆ. ಬಾಗಿಲು ಮಾತ್ರ ತೆಗೆಯಲಿಲ್ಲ.

ಮರುದಿನ ರೋಝೇರ್ ಬಟಾಣಿ ಸೂಪನ್ನು ನುಣ್ಣಗೆ ಅರೆದು ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋದ. ಒಳಗೆ ಯಾರ ಕೈಗಾದರೂ ಕೊಟ್ಟು ತಿನ್ನಿಸು ಎಂದ. ಗೇತಾಂ ತೆಗೆದುಕೊಂಡ. ಸಂಜೆ ಖಾಲಿ ಫ್ಲಾಸ್ಕು ಆರೈಕೆ ಮನೆಯ ಮೆಟ್ಟಿಲ ಮೇಲಿತ್ತು. ಅಂದಿನಿಂದ ಅದೇ ರೂಢಿಯಾಯಿತು. ಎಪ್ಪತ್ತು ದಾಟಿದವನು ಹೊರಗೆ ಬರಬಾರದೆಂದು ಪೊಲೀಸರು ಒಮ್ಮೆ ಕಾರು ನಿಲ್ಲಿಸಿ ಎಚ್ಚರಿಸಿದಾಗ, ಮನೆಯಲ್ಲಿ ಕೂತರೆ ನನಗೆ ಬೇರೆ ಕಾಯಿಲೆ ಬರುತ್ತದೆ ಎಂದು ಹೇಳಿ ಮುಂದೆ ನಡೆದನಂತೆ.

ಅವರ ಒಬ್ಬಳೇ ಮಗಳು ಗಿಲೇನ್. ಶಾಲೆಯ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಬಿಟ್ಟ ಮೇಲೆ ಅಪ್ಪನ ಮನೆಯ ನೆಲಮಾಳಿಗೆಯಲ್ಲಿ ಇದ್ದಳು. ಶಾಲೆಗಳು ಮುಚ್ಚಿದವು. ಏಪ್ರಿಲ್ ಹೊತ್ತಿಗೆ ಆರೈಕೆ ಮನೆಗಳಲ್ಲಿ ಕೆಲಸದವರೇ ಕಾಯಿಲೆ ಬಿದ್ದು ಮಲಗತೊಡಗಿದರು, ಮಲಗದವರಲ್ಲಿ ಕೆಲವರು ಹೆದರಿ ಬರುವುದನ್ನೇ ಬಿಟ್ಟರು. ಕೈ ಕಾಲು ಗಟ್ಟಿಯಿದ್ದವರು ಯಾರಾದರೂ ಮುಂದೆ ಬನ್ನಿ ಎಂದು ಸರ್ಕಾರ ಟಿವಿಯಲ್ಲಿ ಬೇಡಿಕೊಂಡಿತು. ಗಿಲೇನ್ ಅಂದೇ ಹೆಸರು ಕೊಟ್ಟಳು. ಅಮ್ಮನಿರುವ ಮನೆಗೇ ಹಾಕಿ ಎಂದು ಕೇಳಿಕೊಂಡಳು. ಮಗಳಾಗಿ ಒಳಗೆ ಬಿಡದಿದ್ದರೆ ಆಳಾಗಿಯಾದರೂ ಬಿಡಬಹುದು ಎನ್ನುವುದು ಅವಳ ಎಣಿಕೆ. ಅವರು ಅವಳನ್ನು ಸೇತುವೆಯಾಚೆಯ ಬೇರೊಂದು ಆರೈಕೆ ಮನೆಗೆ ಕಳಿಸಿದರು. ಅಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿದೆ ಎಂದರು. ಒಂದು ಮನೆಗೆ ಹೋದವರು ಇನ್ನೊಂದಕ್ಕೆ ಕಾಲಿಡುವ ಹಾಗಿರಲಿಲ್ಲ, ರೋಗ ಹಾಗೆಯೇ ಹರಡುತ್ತಿತ್ತು.

ಅಲ್ಲಿ ಕಂಡದ್ದನ್ನು ಗಿಲೇನ್ ನನಗೆ ರಸ್ತೆಯ ಆ ಬದಿಯಲ್ಲಿ ನಿಂತು ಹೇಳುತ್ತಿದ್ದಳು. ಹಿಂದಿನ ದಿನದ ಊಟದ ತಟ್ಟೆಗಳು ಮುಚ್ಚಳ ತೆಗೆಯದೆ ಮಂಚದ ಪಕ್ಕದಲ್ಲಿ ಇರುತ್ತಿದ್ದವು. ಒದ್ದೆ ಹಾಸಿಗೆ ಬದಲಿಸುವವರಿಲ್ಲ. ಕರೆಗಂಟೆಗಳು ಬಡಿದುಕೊಳ್ಳುತ್ತಲೇ ಇರುತ್ತಿದ್ದವು, ಕಡೆಗೆ ಒತ್ತುವ ಶಕ್ತಿ ಇಲ್ಲದೆ ಒಂದೊಂದಾಗಿ ನಿಲ್ಲುತ್ತಿದ್ದವು. ಅವಳು ತಿನ್ನಿಸುತ್ತಿದ್ದವರಲ್ಲಿ ಮದಾಂ ಲಾಪಾಲ್ಮ್ ಎಂಬ ಹಳೇ ಶಾಲಾ ಶಿಕ್ಷಕಿ ಒಬ್ಬರಿದ್ದರು. ನೀರು ಕುಡಿಸಿದರೆ ಅವರು ಇವಳ ಕೈಯನ್ನು ಬಿಡುತ್ತಿರಲಿಲ್ಲ. ಬಿಡಿಸಿಕೊಂಡು ಮುಂದಿನ ಕೋಣೆಗೆ ಹೋಗಬೇಕಿತ್ತು.

"ಚಿಕ್ಕಮ್ಮ, ಒಬ್ಬೊಬ್ಬರ ಬೆರಳು ಬಿಡಿಸ್ಕೊಂಡು ಬರೋದೇ ಅಲ್ಲಿ ನನ್ನ ಕೆಲಸ" ಎಂದಳು ಒಮ್ಮೆ.

ಅಪ್ಪನಿಗೆ ರೋಗ ತಗಲೀತೆಂದು ಅವಳು ನೆಲಮಾಳಿಗೆಯಿಂದ ಮೇಲೆ ಬರುತ್ತಿರಲಿಲ್ಲ. ಅವನು ಮೆಟ್ಟಿಲ ತುದಿಯಲ್ಲಿ ಕೂರುತ್ತಿದ್ದ, ಇವಳು ಬುಡದಲ್ಲಿ. ಒಂದು ಸಂಜೆ ಅವಳು ಕೇಳಿದಳು.

"ಅಪ್ಪಾ, ಅಲ್ಲಿ ಅಮ್ಮಂಗೆ ಯಾರು ತಿನ್ನಿಸ್ತಿದಾರೆ?"

"ಯಾರೋ ಒಬ್ಬರು. ಹೆಸರು ಕೇಳಿಲ್ಲ. ಪುಣ್ಯಾತ್ಗಿತ್ತಿ. ಒಂದು ತೊಟ್ಟೂ ಉಳಿಸಲ್ಲ ನೋಡು."

"ಫ್ಲಾಸ್ಕು ಹಾಗೇ ಬರುತ್ತಾ, ತೊಳೆದು ಬರುತ್ತಾ?"

"ತೊಳೆದು, ಒಣಗಿಸಿ. ಅಷ್ಟು ಅಚ್ಚುಕಟ್ಟು."

ಗಿಲೇನ್ ಎದ್ದು ಒಳಗೆ ಹೋದಳು. ಜನ ಮಲಮೂತ್ರದಲ್ಲಿ ಮಲಗಿರುವಾಗ ಫ್ಲಾಸ್ಕು ತೊಳೆದು ಒಣಗಿಸುವ ಪುರುಸೊತ್ತು ಯಾವ ಆರೈಕೆ ಮನೆಯಲ್ಲಿ ಯಾರಿಗಿದೆ ಎನ್ನುವುದು ಅವಳಿಗೆ ಗೊತ್ತಿತ್ತು.

ಮರುದಿನ ಕೆಲಸಕ್ಕೆ ಹೋಗುವ ಮೊದಲು ಅವಳು ಗೇತಾಂನ ಮನೆಗೆ ಹೋದಳು. ಅವನು ಬಾಗಿಲಾಚೆ ನಿಂತು ಎಲ್ಲ ಹೇಳಿದ. ಮೊದಲ ವಾರ ಫ್ಲಾಸ್ಕನ್ನು ಒಬ್ಬ ಕೆಲಸದವಳ ಕೈಗೆ ಕೊಡುತ್ತಿದ್ದ. ಆಮೇಲೆ ಅವಳು ಮಲಗಿದಳು, ಅವಳ ಬದಲು ಬಂದವಳೂ ಮಲಗಿದಳು. ಫ್ಲಾಸ್ಕು ತೆಗೆದುಕೊಳ್ಳಲು ಬಾಗಿಲ ಬಳಿ ಯಾರೂ ಬರುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ತಾನೇ ಮೇಲೆ ಹೋಗಿದ್ದ. ಮುಖಕ್ಕೆ ಕಟ್ಟಿಕೊಳ್ಳಲು ಕರವಸ್ತ್ರ ಬಿಟ್ಟರೆ ಬೇರೇನೂ ಇರಲಿಲ್ಲ, ಮಾಸ್ಕುಗಳನ್ನು ಬೀಗ ಹಾಕಿ ಇಟ್ಟಿದ್ದರು. ಫೆರ್ನಾಂದಳ ಬಾಯಿಗೆ ಎರಡು ಚಮಚ ಹಾಕಿದ. ಅವಳಿಗೆ ನೆತ್ತಿಗೆ ಹತ್ತಿ ಮುಖ ನೀಲಿಯಾಯಿತು. ಕೊಂದೇಬಿಟ್ಟೆನೇನೋ ಎಂದು ಅವನು ಓಡಿ ಕೆಳಗೆ ಬಂದ. ಮತ್ತೆ ಮೇಲೆ ಹೋಗಲಿಲ್ಲ.

"ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವನೇನು ಮಾಡೋಕಾಗ್ತಿತ್ತಮ್ಮ? ಬಾಗಿಲಿಗೆ ತಲೆ ಚಚ್ಕೋತಿದ್ದ. ಕೊನೆಪಕ್ಷ ರಾತ್ರಿ ನಿದ್ದೆಯಾದ್ರೂ ಮಾಡ್ಲಿ ಅಂತ."

"ಬಾಗಿಲು ಒಡೀತಿದ್ದ" ಎಂದಳು ಗಿಲೇನ್. "ಅದನ್ನಾದ್ರೂ ಮಾಡ್ತಿದ್ದ."

ಅಂದು ಅವಳು ಕೆಲಸಕ್ಕೆ ಹೋಗಲಿಲ್ಲ. ಆರೈಕೆ ಮನೆಯ ಮೇಲ್ವಿಚಾರಕಿಗೆ ಫೋನು ಮಾಡಿದಳು, ಆಕೆ ಆಸ್ಪತ್ರೆಯಲ್ಲಿದ್ದಾಳೆ ಎಂದರು. ಆಕೆಯ ಜಾಗದಲ್ಲಿದ್ದವನು ಅಪ್ಪಣೆ ಬರೆದದ್ದು ತಾನಲ್ಲ ಎಂದ. ಆರೋಗ್ಯ ಇಲಾಖೆಗೆ ಫೋನು ಹಚ್ಚಿ, ಕಾಯಿಸುವಾಗ ಹಾಕುವ ಸಂಗೀತ ಕೇಳುತ್ತ ಕೂತಳು. ಕಡೆಗೆ ಒಬ್ಬಾಕೆ ಬಹಳ ನಯವಾಗಿ, ಮನೆಯವರನ್ನು ಒಳಗೆ ಬಿಡುವುದು ಇನ್ನು ಆಯಾ ಆರೈಕೆ ಮನೆಯ ವಿವೇಚನೆಗೆ ಬಿಟ್ಟದ್ದು ಎಂದಳು. ತನ್ನನ್ನು ಅಮ್ಮನ ಕಡೆಗೆ ವರ್ಗ ಮಾಡಿ ಎಂದು ಕೇಳಿದ್ದಕ್ಕೆ, ರೋಗವಿರುವ ಕಡೆಯಿಂದ ಬಂದವಳು ನೀವು, ಸಾಧ್ಯವೇ ಇಲ್ಲ ಎಂಬ ಉತ್ತರ ಬಂತು. ಅದೂ ಸುಳ್ಳಲ್ಲ. ಅಪ್ಪನಿಗೆ ಹೇಳುವುದೋ ಬಿಡುವುದೋ ತಿಳಿಯದೆ ನನ್ನನ್ನು ಕೇಳಿದಳು. ನಾನು ಏನು ಹೇಳಲಿ? ಅವಳು ಮರುದಿನ ಸೇತುವೆ ದಾಟಿ ಕೆಲಸಕ್ಕೆ ಹೋದಳು. ಮದಾಂ ಲಾಪಾಲ್ಮ್ ಆವತ್ತು ಪೂರ್ತಿ ಬಟ್ಟಲು ಉಂಡರಂತೆ. ಅದನ್ನು ನನಗೆ ಹೇಳುತ್ತ ಅವಳು ಅತ್ತದ್ದು ನೋಡಲಾಗಲಿಲ್ಲ.

ಆ ವಾರದ ಕೊನೆಗೆ ಸೈನ್ಯ ಬಂತು. ನಮ್ಮ ಊರಿನಲ್ಲಿ ಹಸಿರು ಸಮವಸ್ತ್ರ ಕಂಡದ್ದು ಹಿಂದೊಮ್ಮೆ, ಬಿದ್ದಲ್ಲೇ ಹೆಪ್ಪುಗಟ್ಟುವ ಮಂಜಿನ ಮಳೆಗೆ ವಿದ್ಯುತ್ ಕಂಬಗಳೆಲ್ಲ ಉರುಳಿದಾಗ. ಈಗ ಮುದುಕರಿಗೆ ಗಂಜಿ ಕುಡಿಸಲು ಬಂದಿದ್ದರು. ಬಂದ ಮರುದಿನವೇ ಸೈನ್ಯದ ನರ್ಸೊಬ್ಬಳು ರೋಝೇರನಿಗೆ ಫೋನು ಮಾಡಿದಳು. ಫೆರ್ನಾಂದಳ ಕೊನೆಯ ಹೊತ್ತು ಹತ್ತಿರ ಬಂದಿದೆ, ಮನೆಯವರಲ್ಲಿ ಒಬ್ಬರು ಬರಬಹುದು ಎಂದಳು. ಸಾಯುವಾಗ ಒಬ್ಬರನ್ನು ಬಿಡಲು ಅಪ್ಪಣೆಯಲ್ಲಿ ಅವಕಾಶವಿತ್ತು, ಬದುಕಿಸಲು ಇರಲಿಲ್ಲ.

ಗಿಲೇನಳನ್ನು ಬಿಡುವ ಹಾಗಿರಲಿಲ್ಲ. ಅವಳು ಅಪ್ಪನನ್ನು ಕಾರಿನಲ್ಲಿ ಕರೆತಂದು ಹೊರಗೇ ನಿಂತಳು. ರೋಝೇರನಿಗೆ ಹಳದಿ ನಿಲುವಂಗಿ, ಕೈಗವಸು, ಮುಖಕ್ಕೆ ಗಾಜಿನಂಥ ಪರದೆ ತೊಡಿಸಿದರು. ಗೇತಾಂ ಬಾಗಿಲು ತೆರೆದ.

ಮೇಲೆ ಮಂಚದ ಮೇಲಿದ್ದವಳು ತನ್ನ ಹೆಂಡತಿಯೇ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತಂತೆ. ಕೆನ್ನೆ ಒಳಗಿಳಿದು ತುಟಿ ಸೀಳಿತ್ತು, ನಾಲಗೆ ಮರದ ಚೂರಿನಂತಾಗಿತ್ತು. ಅವನು ನೀರು ಕೇಳಿದ, ಚಮಚ ಕೇಳಿದ. ನರ್ಸು ಈಗ ಏನೂ ನುಂಗುವುದಿಲ್ಲ ಎಂದು ಹೇಳಿ, ಒದ್ದೆ ಮಾಡಿದ ಸ್ಪಂಜಿನ ಚೂರನ್ನು ಕಡ್ಡಿಗೆ ಸಿಕ್ಕಿಸಿ ಅವನ ಕೈಗೆ ಕೊಟ್ಟಳು. ಅದರಿಂದ ಅವಳ ಬಾಯಿ ಒರೆಸುತ್ತ ಅವನು ಕೇಳಿದ.

"ರೋಗದಿಂದ ಹೀಗಾಯ್ತಾ ಮಗಳೇ?"

ಆ ನರ್ಸು ಚಿಕ್ಕ ವಯಸ್ಸಿನವಳು. ಸುಳ್ಳು ಹೇಳಬಹುದಿತ್ತು. "ರೋಗ ಇದೆ. ಆದ್ರೆ ಅದಕ್ಕೂ ಮುಂಚೆ ಇವರು ಅನ್ನ ನೀರಿಲ್ಲದೆ ಒಣಗಿಹೋಗಿದ್ರು. ನಾವು ಬಂದಾಗ್ಲೇ ಹೀಗಿದ್ರು" ಎಂದಳು.

"ಇಲ್ಲ, ನಾನು ದಿನಾ ಸೂಪು ಕಳಿಸ್ತಿದ್ದೆ."

ಅವಳು ಇನ್ನೊಂದು ಸ್ಪಂಜನ್ನು ಒದ್ದೆ ಮಾಡಿ ಅವನ ಕೈಗೆ ಕೊಟ್ಟಳು.

ಕತ್ತಲಾಗುವ ಮೊದಲು ಫೆರ್ನಾಂದ್ ತೀರಿಕೊಂಡಳು. ಅವಳು ಕಣ್ಣು ತೆರೆಯಲಿಲ್ಲ. ಅವನ ಮುಖ ಪರದೆಯ ಹಿಂದಿತ್ತು, ತೆರೆದಿದ್ದರೂ ಗುರುತು ಸಿಗುತ್ತಿತ್ತೋ ಇಲ್ಲವೋ. ದೇಹವನ್ನು ಮುಟ್ಟಿ ಮುತ್ತಿಡಲು ಬಿಡಲಿಲ್ಲ. ನಿಲುವಂಗಿ ಕಳಚಿ ಚೀಲಕ್ಕೆ ಹಾಕಿಸಿ, ಕೈ ತೊಳೆಸಿ ಕೆಳಗೆ ಕಳಿಸಿದರು.

ಬಾಗಿಲ ಬಳಿ ಅವನು ಗೇತಾಂನ ಎದುರು ನಿಂತ. ಕಾರಿನ ಪಕ್ಕ ನಿಂತಿದ್ದ ಗಿಲೇನಳಿಗೆ ಎಲ್ಲ ಕೇಳಿಸಿತು.

"ಆ ಸೂಪು ಏನು ಮಾಡ್ತಿದ್ದೆ?"

"ಚೆಲ್ತಿದ್ದೆ" ಎಂದ ಗೇತಾಂ.

ಅವನು ಹೊಡೆಯುತ್ತಾನೆಂದೇ ಗಿಲೇನ್ ಅಂದುಕೊಂಡಿದ್ದಳು. ಗೇತಾಂ ಕೂಡ ಅದಕ್ಕೇ ಕಾದವನಂತೆ ಕೈ ಕೆಳಗೆ ಬಿಟ್ಟು ನಿಂತಿದ್ದ.

"ನೀನಾದ್ರೂ ಕುಡೀಬೇಕಿತ್ತು" ಎಂದ ರೋಝೇರ್. ಬಂದು ಕಾರಿನಲ್ಲಿ ಕೂತ.

ಮಗಳಿಗೆ ಮೊದಲೇ ಗೊತ್ತಿತ್ತೆಂಬುದು ದಾರಿಯಲ್ಲೇ ಹೊರಬಿತ್ತು. ಅವಳೇ ಹೇಳಿದಳು. ಅವನು ಬಯ್ಯಲಿಲ್ಲ, ಆದರೆ ಬಹಳ ದಿನ ಮೆಟ್ಟಿಲ ತುದಿಗೆ ಬಂದು ಕೂರಲೂ ಇಲ್ಲ. ರೋಗವಿದ್ದ ಕಡೆ ಹೋಗಿ ಬಂದವನೆಂದು ಅವನನ್ನು ಮನೆಯೊಳಗೇ ಇರಿಸಿದರು. ನಾನು ಬಾಗಿಲಲ್ಲಿ ಇಟ್ಟ ಊಟದ ಪಾತ್ರೆಗಳಲ್ಲಿ ಅರ್ಧ ಹಾಗೆಯೇ ವಾಪಸು ಬರುತ್ತಿತ್ತು. ಮಣ್ಣು ಮಾಡಿದ್ದು ಎಷ್ಟೋ ವಾರ ಕಳೆದು, ಅಲ್ಲಿನ ಬೇಸಿಗೆ ಬಂದ ಮೇಲೆ, ಬೆರಳೆಣಿಕೆಯ ಜನರೊಂದಿಗೆ, ಒಬ್ಬರಿಂದೊಬ್ಬರು ದೂರ ನಿಂತು. ಅಪ್ಪನ ತೋಳು ಹಿಡಿಯಲು ಗಿಲೇನ್ ಮುಂದೆ ಬಂದವಳು ಸಮಾಧಿ ಕೆಲಸದವನ ಮುಖ ನೋಡಿ ಹಿಂದೆ ಸರಿದಳು. ಆಗ ರೋಝೇರನೇ ಎರಡು ಹೆಜ್ಜೆ ನಡೆದು ಅವಳ ಪಕ್ಕ ನಿಂತ.

ಮರು ವರ್ಷ ಆರೈಕೆ ಮನೆಗಳಲ್ಲಾದ ಸಾವುಗಳ ಬಗ್ಗೆ ವಿಚಾರಣೆ ನಡೆಯಿತು. ತಿನ್ನಿಸಲು ಬರುವ ಮನೆಯವರನ್ನೂ ತಡೆಯಿರಿ ಎಂದು ನಾವು ಹೇಳಿರಲೇ ಇಲ್ಲ, ಆಯಾ ಆರೈಕೆ ಮನೆಗಳು ಅರ್ಥ ಮಾಡಿಕೊಂಡದ್ದು ಹಾಗೆ ಎಂದರು ಇಲಾಖೆಯವರು. ಇಲಾಖೆ ಹೇಳಿದ್ದನ್ನು ಅಕ್ಷರಶಃ ಮಾಡಿದ್ದೇವೆ ಎಂದರು ಆರೈಕೆ ಮನೆಯವರು. ಎಲ್ಲರ ಮಾತಿನಲ್ಲೂ ವಿಷಾದವಿತ್ತು. ಗೇತಾಂನನ್ನು ಕರೆದದ್ದು ಬಾಗಿಲ ಪಾಳಿಯ ವಿಷಯ ಕೇಳಲು ಮಾತ್ರ. ಅವನು ಅದನ್ನು ಹೇಳಿ ಮುಗಿಸಿ, ಯಾರೂ ಕೇಳದಿದ್ದರೂ, ತಾನು ಮೇಲೆ ಹೋದದ್ದು, ಓಡಿಬಂದದ್ದು, ಸೂಪು ಚೆಲ್ಲಿದ್ದು, ತೊಳೆದ ಫ್ಲಾಸ್ಕು ಇಟ್ಟು ಗೆಳೆಯನನ್ನು ನಂಬಿಸಿದ್ದು ಎಲ್ಲವನ್ನೂ ಹೇಳಿದ.

ಕೊನೆಯಲ್ಲಿ ರೋಝೇರನಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವನು ಎದ್ದು ನಿಂತ.

"ಈ ಗೇತಾಂ ಹೇಳಿದ್ದು ನಿಜ" ಎಂದ. "ನಾನು ಅವನನ್ನ ಕ್ಷಮಿಸಿಲ್ಲ. ಆದ್ರೆ ತಾನು ಏನು ಮಾಡ್ದೆ ಅಂತ ಇವತ್ತು ಇಲ್ಲಿ ಹೇಳಿದವನು ಅವನೊಬ್ಬನೇ."

ಹೇಳಿ ಕೂತ. ಹೊರಗೆ ಬಂದಾಗ ಗೇತಾಂ ಗೋಡೆಗೆ ಆತು ಸಿಗರೇಟು ಹಚ್ಚುತ್ತಿದ್ದ. ರೋಝೇರ್ ಅವನ ಮುಂದೆಯೇ ಹಾದುಹೋದ. ಗಿಲೇನ್ ಶಾಲೆಯ ಅಡುಗೆಮನೆಗೆ ಹಿಂದಿರುಗಿರಲಿಲ್ಲ. ಮರುದಿನ ಅವಳಿಗೆ ಸೇತುವೆಯಾಚೆಯ ಆರೈಕೆ ಮನೆಯಲ್ಲಿ ಬೆಳಗಿನ ಪಾಳಿ ಇತ್ತು, ಬೇಗ ಮಲಗಿದಳು.