ಮಧ್ಯಾಹ್ನದ ಹಾಜರಿ

"ಮುಖ ತೊಳ್ಕೊಂಡು ಬಾರೇ ದರಿದ್ರದವಳೇ. ಸಿಮೆಂಟ್ ಮೂಟೆ ಥರ ನಿಂತಿದೀಯ, ನೀನು ಯಾರು ಅಂತ ಮಿಷನ್‌ಗೆ ಹೆಂಗೆ ಗೊತ್ತಾಗ್ಬೇಕು?"

ಹೀಗೆ ಬೈದವನು ಹಾಜರಿಯವನು. ವಯಸ್ಸಿನಲ್ಲಿ ನನ್ನ ಕೊನೆಯ ತಮ್ಮನಿಗಿಂತ ಚಿಕ್ಕವನು. ಗೇಟಿನ ಒಳಗೆ ತಗಡಿನ ಚಪ್ಪರದಡಿ ಒಂದು ಕಬ್ಬಿಣದ ಕಂಬ, ಕಂಬದ ಮೇಲೆ ಅಂಗೈಯಗಲದ ಗಾಜು, ಅದರೆದುರು ನೆಲದಲ್ಲಿ ಹಳದಿ ಗೆರೆ. ಗೆರೆಯ ಮೇಲೆ ನಿಂತು ಗಾಜಿಗೆ ಮುಖ ತೋರಿಸಬೇಕು. ಹಸಿರು ಬಂದರೆ ನಾವು ಕೆಲಸಕ್ಕೆ ಬಂದಿದ್ದೇವೆ. ಕೆಂಪು ಬಂದರೆ, ಅಲ್ಲೇ ನಿಂತಿದ್ದರೂ ಬಂದಿಲ್ಲ. ನಾನು ಆಗಲೇ ಎರಡು ಸಲ ನಲ್ಲಿಗೆ ಹೋಗಿ ತೊಳೆದು ಬಂದಿದ್ದೆ.

"ದಯವಿಟ್ಟು ಕಣ್ಣು ತೆರೆಯಿರಿ" ಅಂದಿತು ಮಿಷನ್.

ಕಣ್ಣು ತೆರೆದೇ ಇದ್ದವು. ನಿದ್ದೆಯಿಲ್ಲದೆ ಊದಿಕೊಂಡಿದ್ದವು, ಅಷ್ಟೆ. ಇಡೀ ಸೈಟಿನಲ್ಲಿ ನನ್ನನ್ನು ಬಹುವಚನದಲ್ಲಿ ಮಾತಾಡಿಸುವುದು ಆ ಮಿಷನ್ ಒಂದೇ. ಯಾವ ಕೆಲಸಕ್ಕೂ ಬಾರದ ಮರ್ಯಾದೆ.

"ಬೇಗ ಮುಗಿಸೇ ತಾಯಿ, ನಮ್ಮನ್ನೂ ಒಳಗೆ ಬಿಡು" ಎಂದು ಹಿಂದಿನಿಂದ ಯಾರೋ ಗೊಣಗಿದರು. ಗೊಣಗದೆ ಏನು ಮಾಡಿಯಾರು? ಮುಂದೆ ನಿಂತವರ ಮುಖ ಮುಗಿಯದೆ ಹಿಂದಿನವರ ಮುಖವನ್ನು ಮಿಷನ್ ನೋಡುವುದಿಲ್ಲ. ಒಬ್ಬರ ಬದಲು ಇನ್ನೊಬ್ಬರು ನುಸುಳುತ್ತಾರೆ ಅಂತ ಮೊನ್ನೆ ಎಂಜಿನಿಯರೇ ಹಾಗೆ ಮಾಡಿಸಿದ್ದರು. ನನ್ನೊಬ್ಬಳಿಂದಾಗಿ ಸಾಲು ಗೇಟಿನಾಚೆಗೂ ಬೆಳೆದಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹಾಜರಿಯವನು ಗಾಜಿನೊಳಗಿನ ಹಳೆಯ ಫೋಟೋ ನೋಡಿ, ನನ್ನನ್ನು ನೋಡಿದ. "ಫೋಟೋದಲ್ಲಿರೋಳು ಲಕ್ಷಣವಾಗಿದಾಳೆ. ಇದು ನೀನೇನಾ?"

"ಆಗ ನನ್ನ ಗಂಡ ನಡೆದಾಡ್ತಿದ್ರು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಮೂರನೆಯ ಸಲ ತೊಳೆದು ಬಂದ ಮೇಲೆ ಹಸಿರು ಬಂತು.

ನಾನು ಗಾರೆ ಕೆಲಸಕ್ಕೆ ಬಂದ ಹೊಸದರಲ್ಲಿ ಹಾಜರಿ ಅಂದರೆ ಮೇಸ್ತ್ರಿ ತಲೆ ಎಣಿಸುವುದು. ಆಮೇಲೆ ಹೆಬ್ಬೆಟ್ಟು ಒತ್ತುವ ಡಬ್ಬಿ ಬಂತು. ಸಿಮೆಂಟು ತಿಂದ ಬೆರಳು ಡಬ್ಬಿಗೆ ಹಿಡಿಸಲಿಲ್ಲ, ಕೊರಳಿಗೆ ಕಾರ್ಡು ನೇತುಹಾಕಿದರು. ಒಬ್ಬರ ಕಾರ್ಡನ್ನು ಇನ್ನೊಬ್ಬರು ತೋರಿಸುತ್ತಾರೆ ಅಂತ ಅನುಮಾನ ಬಂದು ಕಾರ್ಡು ಕಿತ್ತುಕೊಂಡು ಮುಖ ಕೇಳಿದರು. ಬೆಳಿಗ್ಗೆ ಮುಖ ತೋರಿಸಿ ಮಧ್ಯಾಹ್ನ ಜಾರಿಕೊಳ್ಳುತ್ತೇವೆ ಅಂತ ಯಾರಿಗೋ ಕನಸು ಬಿದ್ದಿರಬೇಕು, ಮಧ್ಯಾಹ್ನ ಸೈರನ್ ಕೂಗಿದಾಗಲೂ ಇಳಿದು ಬನ್ನಿ ಅಂದರು. ಲಿಫ್ಟು ಸಾಮಾನಿಗೆ ಮಾತ್ರ, ಆಳುಗಳಿಗಲ್ಲ. ಪ್ರತಿ ಸಲವೂ ಗೇಟಿನ ಬೋರ್ಡಿಗೆ ಹೊಸ ಹಾಳೆ ಅಂಟಿಸುತ್ತಾರೆ, ಹಳೆಯದನ್ನು ಕೀಳುವುದಿಲ್ಲ. ನಾವು ಎಲ್ಲದಕ್ಕೂ ಹೂಂ ಅಂದೆವು. ಹೂಂ ಅನ್ನುವುದು ನಮಗೆ ಉಸಿರಾಡಿದಷ್ಟು ಸಲೀಸು.

ಸೈರನ್ ಕೂಗಿದಾಗ ಮುಖ ತೋರಿಸದವನು ಅಲ್ಲಿಂದಾಚೆ ಸೈಟಿನಲ್ಲಿ ಇಲ್ಲ. ಇದು ಕೊನೆಯ ಹಾಳೆ. ನನ್ನ ಗಂಡನನ್ನು ನುಂಗಿದ್ದು ಈ ಹಾಳೆಯೇ.

ಅವನು ವೈಬ್ರೇಟರ್ ಹಿಡಿಯುವವನು. ಹಸಿ ಕಾಂಕ್ರೀಟಿನೊಳಗೆ ಆ ಗುರುಗುಟ್ಟುವ ಕೊಳವೆ ಅದ್ದಿ ಗಾಳಿ ಬಿಡಿಸಬೇಕು. ಹೋದ ಸಲ ಸ್ಲ್ಯಾಬ್ ಹಾಕುವಾಗ ನಡುವೆ ಸೈರನ್ ಕೂಗಿತು. ಯಾರೂ ಇಳಿಯಬೇಡಿ, ಕಾಂಕ್ರೀಟು ಗಟ್ಟಿಯಾಗುತ್ತದೆ, ಹಾಜರಿ ಆಮೇಲೆ ನಾನು ಹಾಕಿಸುತ್ತೇನೆ ಎಂದರು ಎಂಜಿನಿಯರು. ಮೇಸ್ತ್ರಿಯೂ ಅದನ್ನೇ ಕೂಗಿ ಹೇಳಿದ. ಆ ಮೇಸ್ತ್ರಿ ಬೇರೆ ಯಾರೂ ಅಲ್ಲ, ನನ್ನ ಗಂಡನ ಅಣ್ಣ, ನನ್ನ ಭಾವ. ಅಣ್ಣನ ಮಾತು ಮೀರದವನು ನನ್ನ ಗಂಡ, ನಿಂತ. ಸ್ವಲ್ಪ ಹೊತ್ತಿಗೆ ಅಂಚಿನ ಹಲಗೆ ಜಾರಿ, ಕೊಳವೆಯ ಸಮೇತ ಕೆಳಗಿನ ಅಂತಸ್ತಿನ ಕಂಬಿ ರಾಶಿಯ ಮೇಲೆ ಬಿದ್ದ. ಸೆಂಟ್ರಿಂಗ್ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊತ್ತೆವು. ಉಳಿದವರು ಆಮೇಲೆ ಮುಖ ತೋರಿಸಿದರು, ಅವನ ಹಾಜರಿ ಮಾತ್ರ ಖಾಲಿ ಉಳಿಯಿತು.

ಸೊಂಟದ ಮೂಳೆ ಮುರಿದಿದೆ, ಬೇಗ ಕೂಡಿಸದಿದ್ದರೆ ಇನ್ನು ಎದ್ದು ನಿಲ್ಲುವುದಿಲ್ಲ ಎಂದರು ಡಾಕ್ಟರು. ಪುಕ್ಕಟೆಯಾಗಿ ಕೂಡಿಸಬೇಕಾದರೆ, ಬಿದ್ದಾಗ ಕೆಲಸದ ಮೇಲಿದ್ದ ಅಂತ ಕಂಪನಿ ಒಂದು ಚೀಟಿ ಕೊಡಬೇಕು. ಚೀಟಿ ಇಲ್ಲದ್ದರಿಂದ ಅವನನ್ನು ವಾರ್ಡಿನಿಂದ ವರಾಂಡಕ್ಕೆ ಎತ್ತಿ ಹಾಕಿದ್ದಾರೆ. ನಿನ್ನೆ ಸಂಜೆ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು ಕೇಳಿದ: "ನಾನು ಅವತ್ತು ಅಲ್ಲೇ ಇದ್ದೆ ತಾನೇ?"

ಬಿದ್ದವನಿಗೇ ತಾನು ಬಿದ್ದದ್ದರ ಮೇಲೆ ಅನುಮಾನ ಬರುವಂತೆ ಮಾಡಿದ್ದರು ಬೇವರ್ಸಿಗಳು.

ಇವತ್ತು ಬೆಳಿಗ್ಗೆ ಹಸಿರು ಬಂದ ಮೇಲೆ ನೇರ ಎಂಜಿನಿಯರ ಕೋಣೆಗೆ ಹೋದೆ. ಗುಡುಗಮ್ಮ ಜೊತೆಗೆ ಬಂದಳು. ಅವಳು ನಮ್ಮ ಗುಂಪಿನ ಹಿರಿಯಳು, ಪಿಸುಮಾತು ಆಡಿದರೂ ಮೂರನೇ ಮಹಡಿಗೆ ಕೇಳುತ್ತದೆ, ಅದಕ್ಕೇ ಆ ಹೆಸರು. ಭಾವನೂ ಹಿಂದೆ ಬಂದು ತಲೆ ತಗ್ಗಿಸಿ ನಿಂತ. ಗಂಡ ಬಿದ್ದ ದಿನದಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ಮೂವರೂ ಬಾಗಿಲ ಹೊರಗೇ ನಿಂತೆವು. ಒಳಗಿನ ನೆಲ ಬಿಳಿಯದು.

ಎಂಜಿನಿಯರು ಚಹಾದ ಲೋಟ ಕೆಳಗಿಡದೆಯೇ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

"ನೋಡಮ್ಮ, ಎಷ್ಟು ಸಲ ಹೇಳೋದು. ಅವತ್ತು ಬೆಳಿಗ್ಗೆ ಹಸಿರು. ಮಧ್ಯಾಹ್ನ ಖಾಲಿ. ಖಾಲಿ ಅಂದ್ರೆ ಮನೆಗೆ ಹೋಗಿದಾನೆ ಅಂತ."

"ಮನೆಗೆ ಹೋದೋರು ನಿಮ್ಮ ಬಿಲ್ಡಿಂಗಿಂದ ಹೆಂಗೆ ಬಿದ್ರು ಸಾರ್?"

"ಅದು ನನಗೆ ಗೊತ್ತಿಲ್ಲ. ಹಾಜರಿ ಇಲ್ದೋನು ಮೇಲೆ ಹತ್ತಿದ್ರೆ ಅವನು ಹೊರಗಿನವನು. ಹೊರಗಿನವನು ಸೈಟಿಗೆ ನುಗ್ಗಿದ್ರೆ ಕೇಸ್ ಆಗುತ್ತೆ. ಪಾಪ ಅಂತ ನಾನು ಸುಮ್ನಿದೀನಿ."

"ಇಳೀಬೇಡಿ ಅಂದಿದ್ದು ನೀವೇ ಅಲ್ವಾ?"

"ಬರೆದು ಕೊಟ್ಟಿದ್ನಾ?" ಎಂದರು ಅವರು. ಆಮೇಲೆ ಭಾವನ ಕಡೆ ನೋಡಿ, "ಏನಯ್ಯಾ ಮೇಸ್ತ್ರಿ, ಇವತ್ತು ಸ್ಲ್ಯಾಬ್ ಇಟ್ಕೊಂಡು ಹೆಂಗಸರನ್ನ ಕಟ್ಕೊಂಡು ಬಂದಿದೀಯ. ನಡಿ, ಕೆಲಸ ಹಚ್ಚು."

ಭಾವ ಬಾಯಿ ತೆರೆದ. ಏನೂ ಹೊರಡಲಿಲ್ಲ. ಬಾಯಿ ಮುಚ್ಚಿಕೊಂಡು ಮೆಟ್ಟಿಲ ಕಡೆ ಹೊರಟ. ಅವನ ಬೆನ್ನಿಗೆ ಉಗಿಯಬೇಕೆನ್ನಿಸಿತು ನನಗೆ.

"ಗಂಡಸರ ನಾಲಿಗೆ ನೋಡು" ಎಂದಳು ಗುಡುಗಮ್ಮ. "ಮನೇಲಿ ಮಾರುದ್ದ, ಇಲ್ಲಿ ಗೇಣುದ್ದಾನೂ ಇಲ್ಲ." ಅವನಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ.

ಬಿಸಿಲೇರುವ ಹೊತ್ತಿಗೆ ಸ್ಲ್ಯಾಬ್ ಕೆಲಸ ಜೋರಾಯಿತು. ಕೆಳಗೆ ಗೇಟಿನ ಪಕ್ಕ ಪಂಪು. ಅದರ ಹಿಂದೆ ಕಾಂಕ್ರೀಟು ತುಂಬಿದ ಗಾಡಿಗಳು ಹೊಟ್ಟೆ ತಿರುಗಿಸುತ್ತ ಸಾಲುಗಟ್ಟಿದ್ದವು. ಪಂಪಿನಿಂದ ಹೊರಟ ಪೈಪು ಗೋಡೆ ಹಿಡಿದು ಮೇಲಕ್ಕೆ ಬಂದು ನಮ್ಮ ಕಾಲ ಬಳಿ ಕಾಂಕ್ರೀಟು ಕಕ್ಕುತ್ತಿತ್ತು. ಪಂಪಿನವನು ಆಗಾಗ ಸುತ್ತಿಗೆಯಿಂದ ಪೈಪಿಗೆ ತಟ್ಟುತ್ತಾನೆ. ಒಳಗೆ ಓಡುತ್ತಿದ್ದರೆ ಟಣ್ ಅನ್ನುತ್ತದೆ. ನಿಂತು ಕಟ್ಟಿಕೊಳ್ಳತೊಡಗಿದರೆ ಸದ್ದು ಮಂಕಾಗುತ್ತದೆ. ಆಮೇಲೆ ಪೈಪು ಬಿಚ್ಚಿ ಒಡೆಯಬೇಕು, ಅರ್ಧ ಹಾಕಿದ ಸ್ಲ್ಯಾಬೂ ಹಾಳು. ಅದಕ್ಕೇ ಸ್ಲ್ಯಾಬಿನ ದಿನ ನಮಗೆ ಉಚ್ಚೆ ಹೊಯ್ಯಲೂ ಬಿಡುವುದಿಲ್ಲ.

ನಾನು ಸಲಿಕೆಯಿಂದ ಹರಡುತ್ತಿದ್ದೆ. ನನ್ನ ಗಂಡ ಹಿಡಿಯುತ್ತಿದ್ದ ವೈಬ್ರೇಟರನ್ನು ಬೇರೆ ಯಾರೋ ಹಿಡಿದಿದ್ದರು. ಅಂಚಿನ ಹಲಗೆಗೆ ಹೊಸ ಮೊಳೆ ಹೊಡೆದಿದ್ದರು.

ಸೈರನ್ ಕೂಗಿತು.

"ಯಾರೂ ಇಳೀಬೇಡಿ" ಎಂದು ಬಿಳಿ ಹೆಲ್ಮೆಟ್ಟಿನಡಿಯಿಂದ ಎಂಜಿನಿಯರು ಕೂಗಿದರು. "ಕಾಂಕ್ರೀಟು ಗಟ್ಟಿಯಾಗುತ್ತೆ. ಹಾಜರಿ ಆಮೇಲೆ ನಾನು ಹಾಕಿಸ್ತೀನಿ."

ಒಂದು ಅಕ್ಷರವೂ ಬದಲಾಗಿರಲಿಲ್ಲ. ಅಷ್ಟು ನಿಯಮ ಬದಲಾಯಿಸುವವರಿಗೆ ಒಂದು ಹೊಸ ಸುಳ್ಳು ಹೊಳೆಯಬಾರದೇ? ನಾನು ಸಲಿಕೆಯನ್ನು ಕಾಂಕ್ರೀಟಿನಲ್ಲಿ ನೆಟ್ಟು ಮೆಟ್ಟಿಲ ಕಡೆ ನಡೆದೆ.

"ಏಯ್, ಎಲ್ಲಿಗೆ?"

"ಹಾಜರಿಗೆ ಸಾರ್."

"ಕಿವಿ ಕೇಳಲ್ವಾ ನಿನಗೆ?"

"ಕೇಳ್ತು ಸಾರ್. ಹೋದ ಸಲಾನೂ ಕೇಳಿತ್ತು."

"ಮೇಸ್ತ್ರೀ, ಹಿಡಿಯೋ ಅವಳನ್ನ. ನಿನ್ನ ತಮ್ಮನ ಹೆಂಡ್ತಿ ಅಲ್ವಾ?"

ಭಾವ ಬಗ್ಗಿ ಮಟ್ಟಗೋಲು ಎಳೆಯುತ್ತಿದ್ದವನು ಎದ್ದು ನಿಂತ. ನನ್ನನ್ನು ನೋಡಿದ. ಆಮೇಲೆ ಅಂಚಿನ ಹಲಗೆಯನ್ನು ನೋಡಿದ. ಮಟ್ಟಗೋಲನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಚಡ್ಡಿಗೆ ಒರೆಸಿಕೊಂಡ.

"ನಂದೂ ಆಗ್ಬೇಕು ಸಾರ್" ಎಂದ. ಆಮೇಲೆ ನಮ್ಮವರ ಕಡೆ ತಿರುಗಿ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, "ಎಲ್ರೂ ಇಳೀರಿ. ಹಾಜರಿ ಹಾಕ್ಕೊಂಡು ಬರೋಣ."

ವೈಬ್ರೇಟರಿನ ಸದ್ದು ನಿಂತಿತು. ಹಿಡಿಯಲು ಕಂಬಿಯಿಲ್ಲದ ಮೆಟ್ಟಿಲಲ್ಲಿ ಗೋಡೆ ಹಿಡಿದು ಒಬ್ಬರ ಹಿಂದೊಬ್ಬರು ಇಳಿದೆವು. "ಮೂತಿ ತೋರಿಸಿಯೇ ಬರೋಣ ಕಣ್ರೇ" ಎಂದಳು ಗುಡುಗಮ್ಮ. "ಇಲ್ದಿದ್ರೆ ಸತ್ರೂ ಹೊರಗಿನವರ ಹೆಣ ಅಂತ ಬರ್ಕೋತಾರೆ." ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ಮೊದಲು ಇಳಿದವಳು ನಾನು, ಹಾಗಾಗಿ ಸಾಲಿನ ಮೊದಲಿಗೂ ನಾನೇ. ಹಳದಿ ಗೆರೆಯ ಮೇಲೆ ಕಾಲಿಟ್ಟೆ. ಗಾಜು ಹೊತ್ತಿಕೊಂಡು ನನ್ನ ಮುಖ ಹುಡುಕತೊಡಗಿತು.

ಕಣ್ಣು ಮುಚ್ಚಿದೆ.

"ದಯವಿಟ್ಟು ಕಣ್ಣು ತೆರೆಯಿರಿ" ಅಂದಿತು ಮಿಷನ್.

"ಏನೇ ಇದು?" ಎಂದ ಹಾಜರಿಯವನು. "ಕಣ್ಣು ಬಿಡೇ."

ನಾನು ಅಲುಗಲಿಲ್ಲ. ಎಂಜಿನಿಯರ ಬೂಟು ಮೆಟ್ಟಿಲಲ್ಲಿ ದಡದಡ ಇಳಿದು ಬರುವುದು ಕೇಳಿಸಿತು.

"ಅವಳನ್ನ ಬಿಡೋ, ಹಿಂದಿನವರನ್ನ ತಗೋ" ಎಂದರು ಏದುಸಿರು ಬಿಡುತ್ತ.

"ಆಗಲ್ಲ ಸಾರ್. ಮುಂದಿನವರದು ಮುಗೀದೆ ತಗೊಳಲ್ಲ. ನೀವೇ ಹಾಕ್ಸಿದ್ದು."

"ಹಾಗಾದ್ರೆ ಹಾಳಾಗಿ ಹೋಗ್ಲಿ ಹಾಜರಿ. ಎಲ್ರೂ ಹತ್ರಿ ಮೇಲೆ."

ಯಾರೂ ಕದಲಲಿಲ್ಲ. ನನ್ನ ಬೆನ್ನ ಹಿಂದಿನಿಂದ ಭಾವನ ದನಿ ಬಂತು.

"ಹಾಜರಿ ಇಲ್ದೆ ಹತ್ತಿದ್ರೆ ನಾವು ಹೊರಗಿನವರು ಸಾರ್. ಹೊರಗಿನವರು ನುಗ್ಗಿದ್ರೆ ಕೇಸ್ ಆಗುತ್ತೆ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ."

ಗೇಟಿನ ಹೊರಗೆ ಗಾಡಿಯವನೊಬ್ಬ ಹಾರನ್ ಒತ್ತಿದ. ಅವನ ಹಿಂದಿನವನೂ ಒತ್ತಿದ. "ಪೈಪ್ ತುಂಬ ನಿಂತಿದೆ ಸಾರ್, ಹೆಚ್ಚು ಹೊತ್ತು ತಡೆಯಲ್ಲ" ಎಂದು ಪಂಪಿನವನು ಕೂಗಿ ಸುತ್ತಿಗೆಯಿಂದ ತಟ್ಟಿದ. ಟಣ್ ಅಂದಿತು.

"ಸೂಳೆಮಕ್ಕಳಾ, ಒಬ್ಬೊಬ್ಬರನ್ನೂ ಒದ್ದು ಹೊರಗೆ ಹಾಕ್ತೀನಿ" ಎಂದರು ಎಂಜಿನಿಯರು.

"ಹಾಕಿ ಸಾರ್" ಎಂದಳು ಗುಡುಗಮ್ಮ. "ಆಮೇಲೆ ಆ ಕಾಂಕ್ರೀಟು ನೀವೇ ಹರಡ್ಕೊಳ್ಳಿ. ಸಲಿಕೆ ಅಲ್ಲೇ ಇದೆ."

ಎಂಜಿನಿಯರ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅವರು ಎತ್ತಲಿಲ್ಲ. ನನ್ನ ಹತ್ತಿರ ಬಂದರು. ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ದನಿ ಇಳಿದಿತ್ತು.

"ನೋಡಮ್ಮ, ನಿನಗೆ ಏನು ಬೇಕು ಹೇಳು."

"ಮೊದ್ಲು ಅವರ ಹಾಜರಿ ಹಾಕಿ ಸಾರ್. ಬಿದ್ದ ದಿನದ ಮಧ್ಯಾಹ್ನದ್ದು. ಅದನ್ನ ಬರೆದು, ಸೀಲ್ ಹೊಡೆದು ನನ್ನ ಕೈಗೆ ಕೊಡಿ. ಆಮೇಲೆ ನಾನು ಕಣ್ಣು ಬಿಡ್ತೀನಿ."

"ಸಂಜೆ ಕೊಡ್ತೀನಿ. ನನ್ನಾಣೆ. ಈಗ ಕಣ್ಣು ಬಿಡು."

"ಸಂಜೆಯೊಳಗೆ ನಿಯಮ ಬದಲಾಗುತ್ತೆ ಸಾರ್."

ಹಿಂದೆ ಯಾರೋ ಕೆಮ್ಮಿದರು. ಇಷ್ಟು ದಿನ ತಡೆದಿದ್ದ ಅಳು ಈಗ ಒಡೆಯಿತು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿದು ಕೆನ್ನೆಯ ಸಿಮೆಂಟಿಗೆ ತಾಗಿ ಉರಿಯಿತು. ಒರೆಸಿಕೊಳ್ಳಲಿಲ್ಲ. ಹೆಗಲ ಮೇಲೆ ಒಂದು ಕೈ ಬಂತು, ಒರಟು ಕೈ. ಅದು ಗುಡುಗಮ್ಮನದೋ ಭಾವನದೋ ಗೊತ್ತಾಗಲಿಲ್ಲ.

ಪಂಪಿನವನು ಮತ್ತೆ ತಟ್ಟಿದ. ಈ ಸಲದ ಸದ್ದು ಟಣ್ ಅನ್ನಲಿಲ್ಲ, ಮಂಕಾಗಿತ್ತು. ಎಂಜಿನಿಯರ ಬೂಟುಗಳು ಅತ್ತ ಎರಡು ಹೆಜ್ಜೆ ಹೋಗಿ ನಿಂತವು.

"ದಯವಿಟ್ಟು ಕಣ್ಣು ತೆರೆಯಿರಿ" ಅಂದಿತು ಮಿಷನ್.

ನಾನು ತೆರೆಯಲಿಲ್ಲ.